ಪಹಣಿಯ ಕಲಂಗಳು

ತಂತ್ರಾಂಶದ ಸೆಟ್ಟಿಂಗುಗಳನ್ನು ಜೇಸನ್ ಎಂಬ ನಮೂನೆಯಲ್ಲಿ ಬರೆದಿಡಬೇಕೋ, ಯಾಮಲ್‌ನಲ್ಲೋ ಎಂಬ ಜಗಳ ಸಾಫ್ಟ್‌ವೇರಿನವರಲ್ಲಿ ಮುಗಿಯುವುದಿಲ್ಲ. ವಾದವೆಲ್ಲ ಬರೆಯಲು ಯಾವುದು ಸಲೀಸು ಎಂಬುದರ ಸುತ್ತಲೇ. ಬರೆದವನು ಎದ್ದುಹೋದ ಮೇಲೆ ಓದುವವರು ಯಾರು ಎಂಬುದನ್ನು ಮೊದಲು ಕೇಳಬೇಕೆಂದು ನನಗನಿಸುತ್ತದೆ. ಇದಕ್ಕೆ ಪುರಾವೆ ತೆಂಗಳಿ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹೊಲಗಳ ದಾಖಲೆಯಲ್ಲೇ ಸಿಗುತ್ತದೆ. 1880ರ ದಶಕದಲ್ಲಿ ಈ ಸೀಮೆಯನ್ನು ಆಳುತ್ತಿದ್ದ ನಿಜಾಮರ ಸರ್ಕಾರ ಫಾರಸಿ ಬಿಟ್ಟು ಉರ್ದುವನ್ನು ಕಚೇರಿಯ ಭಾಷೆ ಮಾಡಿಕೊಂಡಿತು. ಹೈದರಾಬಾದಿನ ಅಧಿಕಾರಿಗೆ ಅದು ಅನುಕೂಲವೇ. ಇಲ್ಲಿ ಉಳುವವನು ಮಾತ್ರ ಕನ್ನಡದವನು. ತನ್ನದೇ ಹೊಲದ ತಹಸೀಲು ಕಾಗದ ಓದಿಸಲು ಇನ್ನೊಬ್ಬರ ಕಾಲು ಹಿಡಿಯಬೇಕಿತ್ತು. ಇಸವಿಯೂ ಅವನದಲ್ಲ: ಹೈದರಾಬಾದಿನ ಭೂಕಂದಾಯ ಕಾಯ್ದೆ ಕಂದಾಯದ ಫಸಲಿ ವರ್ಷ 1317ರದು, ಅಂದರೆ 1907ರ ಸುಮಾರಿನದು. 1956ರ ನವೆಂಬರ್ 1ರಂದು ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಭೂಕಂದಾಯ ಕಾಯ್ದೆ, 1966ರ ನಿಯಮಗಳು ಬಂದು ಹೊಲದ ದಾಖಲೆಯಾದ ಪಹಣಿ ನಮೂನೆ 16ರಲ್ಲಿ ನೆಲೆಯಾಯಿತು. ಭಾಷೆ ಬದಲಾಯಿತು, ಪಹಣಿ, ಷರಾ, ತಹಸೀಲ್ದಾರ್ ಎಂಬ ಮಾತುಗಳು ಉಳಿದವು. ಜನ ಓದಬಲ್ಲ ನಮೂನೆಗೆ ಹಳೆಯ ಹೆಸರು ಭಾರವಾಗಲಿಲ್ಲ.

ಜನ ಓದಬಲ್ಲದ್ದನ್ನು ಜನ ತಿದ್ದಲೂ ಬಲ್ಲರಲ್ಲ, ಎಂದು ಆಕ್ಷೇಪಿಸಬಹುದು. ಸರಿಯಾದ ಮಾತೇ. ಕೈಬರಹದ ಪಹಣಿ ಗ್ರಾಮಲೆಕ್ಕಿಗರ ಕೈಯಲ್ಲಿದ್ದಾಗ ತಿದ್ದುಪಡಿಯ ಭಯವಿತ್ತು. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಬೆರಳಚ್ಚು ಕೊಟ್ಟ ಸಿಬ್ಬಂದಿಯಷ್ಟೇ ಬದಲಾಯಿಸುವಂತೆ ಮಾಡಿದ್ದು ಇದೇ ಕಾರಣಕ್ಕೆ. ಆದರೆ ಬಾಗಿಲಿಗೆ ಬೀಗ ಹಾಕುವುದು ಬೇರೆ, ಕಿಟಕಿಯನ್ನು ಗೋಡೆ ಮಾಡುವುದು ಬೇರೆ. ಒಡೆಯನ ಹೆಸರಿಗೆ 9ನೇ ಕಲಂ ಇದ್ದಂತೆ ಸಾಲ, ಇತರ ಹಕ್ಕುಗಳಿಗೆ 11ನೇ ಕಲಮನ್ನೂ ‘ಭೂಮಿ’ ಉಳಿಸಿಕೊಂಡಿತು. ಜೇಸನ್‌ನ ದಾರಿ ಇದಕ್ಕೆ ವಿರುದ್ಧ: ಟಿಪ್ಪಣಿಯ ಜಾಗದಲ್ಲಿ ಯಂತ್ರಕ್ಕೆ ಸೂಚನೆ ತುರುಕುತ್ತಾರೆಂದು ಅದನ್ನು ರೂಪಿಸಿದ ಡಗ್ಲಸ್ ಕ್ರಾಕ್‌ಫರ್ಡ್ ಟಿಪ್ಪಣಿಯನ್ನೇ ಕಿತ್ತುಹಾಕಿದರು. ಅದು ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಕೆಲಸ. ಇನ್ನು ಯಂತ್ರ ತಾನೇ ಅರ್ಥ ಊಹಿಸಿಕೊಳ್ಳುವ ನಮೂನೆ ಇದಕ್ಕಿಂತ ಅಪಾಯ. ಇಂಗ್ಲಿಷಿನಲ್ಲಿ ‘ನೋ’ ಎಂದು ಓದಿಸಿಕೊಳ್ಳುವ ನಾರ್ವೆ ದೇಶದ ಎರಡಕ್ಷರದ ಸಂಕೇತವನ್ನು ಹಳೆಯ ಯಾಮಲ್ ‘ಇಲ್ಲ’ ಎಂದೇ ತಿಳಿಯುತ್ತಿತ್ತು. ಪಹಣಿಯ ವಿಸ್ತೀರ್ಣದಲ್ಲಿನ ಚುಕ್ಕೆಯೂ ಅಂಥದ್ದೇ: ಅದು ದಶಮಾಂಶವಲ್ಲ, ಅದರ ಆಚೆ ಇರುವುದು ಗುಂಟೆ, 40 ಗುಂಟೆಗೆ ಒಂದು ಎಕರೆ. 2.30ಕ್ಕೆ 1.20 ಕೂಡಿಸಿದರೆ ತಿಳಿಯದ ಯಂತ್ರ 3.50 ಎನ್ನುತ್ತದೆ, ಹೊಲ ಇರುವುದು 4 ಎಕರೆ 10 ಗುಂಟೆ.