ಕಾಲಂಗಳ ಕ್ರಮ: ಆರ್ ಭಾಷೆಯಲ್ಲಿ ಒಂದು ಸಣ್ಣ ಕೆಲಸ ಬೆಳೆದು ಬಂದ ದಾರಿ

ಕೋಷ್ಟಕದಲ್ಲಿ ಯಾವ ಕಾಲಂ ಮೊದಲು ಬರಬೇಕು ಎಂಬುದು ಕಂಪ್ಯೂಟರಿಗೆ ಮುಖ್ಯವಲ್ಲ. ಮಳೆಯ ಅಂಕಿಗಳು ಮೂರನೆಯ ಕಾಲಂನಲ್ಲಿದ್ದರೂ ಮೂವತ್ತನೆಯದರಲ್ಲಿದ್ದರೂ ಸರಾಸರಿ ಒಂದೇ. ಓದುವವರ ಪಾಡು ಹಾಗಲ್ಲ. ತಾಲ್ಲೂಕಿನ ಹೆಸರು ಒಂದು ತುದಿಯಲ್ಲೂ ಅದರ ಮಳೆ ಇನ್ನೊಂದು ತುದಿಯಲ್ಲೂ ಇದ್ದರೆ ಹೋಲಿಕೆ ಕಷ್ಟ, ತಪ್ಪು ಅಂಕಿ ಕಣ್ಣಿಗೆ ಬೀಳುವುದು ಇನ್ನೂ ಕಷ್ಟ. ಆರ್ ಭಾಷೆಯಲ್ಲಿ ಕಾಲಂ ಜೋಡಿಸುವ ವಿಧಾನಗಳು ಈ ಓದುಗರ ಅಗತ್ಯಕ್ಕೆ ಹಂತಹಂತವಾಗಿ ಹತ್ತಿರವಾಗುತ್ತ ಬಂದಿವೆ.

ಸ್ಥಾನದಿಂದ ಹೆಸರಿಗೆ

ಕಾಲಂಗಳನ್ನು ಸ್ಥಾನದ ಬದಲು ಹೆಸರಿನಿಂದ ಗುರುತಿಸುವ ಯೋಚನೆಯ ಬೇರು ಆರ್‌ಗಿಂತ ಹಳೆಯದು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಸಂಬಂಧಾತ್ಮಕ ದತ್ತಾಂಶ ಮಾದರಿಯನ್ನು ಮಂಡಿಸಿದಾಗ, ಬಳಕೆದಾರರು ಕಾಲಂಗಳ ಸ್ಥಾನವನ್ನು ನೆನಪಿಡಬೇಕಾಗಿಲ್ಲ, ಹೆಸರಿನಿಂದ ಗುರುತಿಸಿದರೆ ಸಾಕು ಎಂದು ವಾದಿಸಿದ್ದರು. ಆರ್‌ನ ಪೂರ್ವಜ ಎಸ್ ಭಾಷೆ ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಹುಟ್ಟಿತು. ಜಾನ್ ಚೇಂಬರ್ಸ್ ಮತ್ತು ಟ್ರೆವರ್ ಹೇಸ್ಟಿ ಸಂಪಾದಿಸಿದ 1992ರ ಪುಸ್ತಕದ ಮೂಲಕ ಅದರಲ್ಲಿ ಡೇಟಾ ಫ್ರೇಮ್ ಬಳಕೆಗೆ ಬಂತು. ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಕಟ್ಟಿದ ಆರ್, 2000ದ ಫೆಬ್ರವರಿ 29ರಂದು 1.0.0 ಆವೃತ್ತಿಯಾಗಿ ಹೊರಬರುವಾಗ ಅದೇ ರಚನೆಯನ್ನು ಮುಂದುವರಿಸಿತ್ತು.

ಡೇಟಾ ಫ್ರೇಮ್ ಎಂದರೆ ಒಂದೇ ಉದ್ದದ ಕಾಲಂಗಳ ಪಟ್ಟಿ. ಆದ್ದರಿಂದ ಮರುಜೋಡಣೆ ಎಂದರೆ ಆ ಪಟ್ಟಿಯನ್ನು ಬೇರೆ ಕ್ರಮದಲ್ಲಿ ಕೇಳುವುದು, ಅಷ್ಟೆ. ಚೌಕ ಕಂಸದೊಳಗೆ 3, 1, 2 ಎಂದು ಬರೆದರೆ ಮೂರನೆಯ ಕಾಲಂ ಮೊದಲಿಗೆ ಬರುತ್ತದೆ. ಬರೆಯಲು ಸುಲಭ, ನಂಬಲು ಕಷ್ಟ. ಮೂಲ ಕಡತಕ್ಕೆ ನಾಳೆ ಯಾರಾದರೂ ನಡುವೆ ಒಂದು ಕಾಲಂ ಸೇರಿಸಿದರೆ, ಪ್ರೋಗ್ರಾಂ ಯಾವ ದೂರೂ ಹೇಳದೆ ಬೇರೆಯದನ್ನೇ ಎತ್ತಿಕೊಡುತ್ತದೆ. ಹೆಸರು ಬರೆದಿದ್ದರೆ ಈ ಅಪಾಯವಿಲ್ಲ. ಆ ಹೆಸರಿನ ಕಾಲಂ ಇಲ್ಲದಿದ್ದರೆ ದೋಷದ ಸೂಚನೆಯೊಂದಿಗೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮೌನವಾಗಿ ತಪ್ಪುವುದಕ್ಕಿಂತ ಕೂಗಿ ನಿಲ್ಲುವುದು ಎಷ್ಟೋ ಮೇಲು.

ಆದರೆ ನೂರು ಕಾಲಂಗಳಲ್ಲಿ ಎರಡನ್ನು ಮುಂದೆ ತರಲು ನೂರು ಹೆಸರು ಬರೆಯಲಾದೀತೆ? ಬೇಕಾದ ಎರಡನ್ನು ಮೊದಲು ಬರೆದು, ಉಳಿದವುಗಳನ್ನು ಸೆಟ್‌ಡಿಫ್ ಫಂಕ್ಷನ್‌ನಿಂದ ಪಡೆದು ಹಿಂದೆ ಜೋಡಿಸುವ ಉಪಾಯ ಹೀಗೆ ರೂಢಿಗೆ ಬಂತು. ಹೆಸರುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸುವುದು ಇನ್ನೂ ಸುಲಭ, ಆದರೆ ಇಂಗ್ಲಿಷ್ ಹೆಸರಿನ ತಿಂಗಳುಗಳಿದ್ದರೆ ಏಪ್ರಿಲ್, ಆಗಸ್ಟ್, ಡಿಸೆಂಬರ್ ಎಂದು ಸಾಲುಗಟ್ಟುತ್ತವೆ. ಮುಂಗಾರಿನ ತಿಂಗಳುಗಳು ಚದುರಿಹೋಗುತ್ತವೆ.

ವೇಗ ಮತ್ತು ಉದ್ದೇಶ

2006ರಲ್ಲಿ ಬಂದ ಡೇಟಾ.ಟೇಬಲ್ ಪ್ಯಾಕೇಜ್ ದೊಡ್ಡ ಕೋಷ್ಟಕಗಳ ಕಷ್ಟವನ್ನು ಕೈಗೆತ್ತಿಕೊಂಡಿತು. ಅದರ ಸೆಟ್‌ಕಾಲ್‌ಆರ್ಡರ್ ಫಂಕ್ಷನ್ ದತ್ತಾಂಶದ ಪ್ರತಿ ಮಾಡುವುದಿಲ್ಲ, ಇದ್ದ ಕೋಷ್ಟಕದಲ್ಲೇ ಕ್ರಮ ಬದಲಿಸುತ್ತದೆ. ಕೋಟಿಗಟ್ಟಲೆ ಸಾಲುಗಳಿದ್ದಾಗ ಇದರಿಂದ ಸ್ಮೃತಿಯೂ ಸಮಯವೂ ಉಳಿಯುತ್ತವೆ. ಮೂಲ ಕೋಷ್ಟಕವೇ ಬದಲಾಗಿದೆ ಎಂಬ ಎಚ್ಚರ ಮಾತ್ರ ಇರಬೇಕು.

2014ರಲ್ಲಿ ಹ್ಯಾಡ್ಲಿ ವಿಕಮ್ ಅವರ ಡಿಪ್ಲೈಯರ್ ಪ್ಯಾಕೇಜ್ ಬಂತು. ಅದೇ ವರ್ಷದ ಒಂದು ಪ್ರಬಂಧದಲ್ಲಿ ಅವರು, ಅಧ್ಯಯನದ ವಿನ್ಯಾಸದಲ್ಲೇ ನಿಗದಿಯಾದ ಕಾಲಂಗಳು ಮೊದಲು, ಅಳತೆ ಮಾಡಿ ಪಡೆದವು ಆಮೇಲೆ, ಒಂದಕ್ಕೊಂದು ಸಂಬಂಧವಿರುವವು ಪಕ್ಕಪಕ್ಕದಲ್ಲಿ ಎಂಬ ಕ್ರಮವನ್ನು ಸೂಚಿಸಿದರು. ಆರಂಭದಲ್ಲಿ ಮರುಜೋಡಣೆಗೆ ಸೆಲೆಕ್ಟ್ ಫಂಕ್ಷನ್ನನ್ನೇ ಬಳಸುತ್ತಿದ್ದರು. ಅದು ಆಯ್ಕೆಯ ಸಾಧನವಾದ್ದರಿಂದ, ಎವೆರಿಥಿಂಗ್ ಎಂದು ಸೇರಿಸಲು ಮರೆತರೆ ಉಳಿದ ಕಾಲಂಗಳೆಲ್ಲ ಬಿಟ್ಟುಹೋಗುತ್ತಿದ್ದವು. ಡಿಪ್ಲೈಯರ್‌ನ 2020ರ 1.0.0 ಆವೃತ್ತಿ ಮರುಜೋಡಣೆಗಾಗಿಯೇ ರಿಲೊಕೇಟ್ ಫಂಕ್ಷನ್ ಕೊಟ್ಟಿತು. ಇದು ಯಾವುದನ್ನೂ ಕೈಬಿಡುವುದಿಲ್ಲ. ಇಂಥ ಕಾಲಂನ ಹಿಂದೆ, ಇಂಥದರ ಮುಂದೆ, ಪಠ್ಯವಿರುವ ಕಾಲಂಗಳೆಲ್ಲ ಮೊದಲಿಗೆ ಎಂದು ಮನಸ್ಸಿನಲ್ಲಿರುವುದನ್ನೇ ಬರೆಯಬಹುದು. ಮೊದಲ ಬಾರಿ ಓದುವವರಿಗೂ ಬರೆದವರ ಇಂಗಿತ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಬೆಳವಣಿಗೆಯಲ್ಲಿ ಅತಿ ಮುಖ್ಯ ಹೆಜ್ಜೆ ಇದೇ.

ದತ್ತಾಂಶವೇ ಹೇಳುವ ಕ್ರಮ

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಧಾರೆ ಹರಿದಿದೆ. ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1899ರಲ್ಲಿ ಈಜಿಪ್ಟಿನ ಸಮಾಧಿಗಳ ಮಡಕೆಗಳ ವಿವರವನ್ನು ರಟ್ಟಿನ ಪಟ್ಟಿಗಳಲ್ಲಿ ಬರೆದು, ಹೋಲುವವು ಹತ್ತಿರ ಬರುವಂತೆ ಸರಿಸಿ ಸರಿಸಿ ಅವುಗಳ ಕಾಲಾನುಕ್ರಮ ಕಂಡುಕೊಂಡರು. ಫ್ರಾನ್ಸಿನ ಜಾಕ್ ಬರ್ಟಿನ್ ಸಾಲು, ಕಾಲಂ ಎರಡನ್ನೂ ಸರಿಸಬಲ್ಲ ಮಾತೃಕೆಯನ್ನು ರೂಪಿಸಿದರು. ಆಂಡ್ರ್ಯೂ ಎರೆನ್‌ಬರ್ಗ್ 1977ರಲ್ಲಿ, ಕೋಷ್ಟಕವನ್ನು ಅಕ್ಷರಕ್ರಮದ ಬದಲು ಅಂಕಿಗಳ ಗಾತ್ರಕ್ಕೆ ತಕ್ಕಂತೆ ಜೋಡಿಸಿ ಎಂದರು. 2008ರಲ್ಲಿ ಮೈಕೆಲ್ ಹಾಸ್ಲರ್ ಮತ್ತು ಸಂಗಡಿಗರು ಪರಿಚಯಿಸಿದ ಸೀರಿಯೇಷನ್ ಪ್ಯಾಕೇಜ್ ಈ ಪರಂಪರೆಯನ್ನು ಆರ್‌ಗೆ ತಂದಿತು. ಕಾಲಂಗಳು ಹತ್ತೇ ಇದ್ದರೂ ಸಾಧ್ಯವಿರುವ ಕ್ರಮಗಳು 36,28,800. ಆದ್ದರಿಂದ ಕಾಲಂಗಳು ಹೆಚ್ಚಿದಂತೆ ಎಲ್ಲವನ್ನೂ ಪರೀಕ್ಷಿಸದೆ, ಒಳ್ಳೆಯದೊಂದನ್ನು ಜಾಣತನದಿಂದ ಹುಡುಕಬೇಕಾಗುತ್ತದೆ.

ಎರಡು ಧಾರೆಗಳಿಗೂ ಅವುಗಳದೇ ಜಾಗವಿದೆ. ಗೊತ್ತಿರುವುದನ್ನು ಇತರರಿಗೆ ತಿಳಿಸುವಾಗ ಕ್ರಮವನ್ನು ನಾವೇ ನಿರ್ಧರಿಸಬೇಕು. ಗೊತ್ತಿಲ್ಲದ್ದನ್ನು ಹುಡುಕುವಾಗ ದತ್ತಾಂಶಕ್ಕೆ ಬಿಡಬಹುದು. ಎರಡು ಕೋಷ್ಟಕ ಸೇರಿಸಿದಾಗ, ಹೊಸ ಕಾಲಂ ಕೂಡಿಸಿದಾಗ ಕ್ರಮ ಕೆಡುವುದು ಸಹಜ. ಅದಕ್ಕೇ ವಿಶ್ಲೇಷಣೆಯ ನಡುವೆ ಸ್ಥಾನವನ್ನು ನೆಚ್ಚದೆ ಹೆಸರನ್ನೇ ಬಳಸಿ, ಪ್ರಕಟಣೆಗೆ ಮೊದಲು ಒಮ್ಮೆ ಕ್ರಮವನ್ನು ಸ್ಪಷ್ಟವಾಗಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಆರ್ ಕಲಿಸುವವರು ಇದನ್ನು ಮೊದಲ ಪಾಠಗಳಲ್ಲೇ ಹೇಳಬೇಕು. ಸಾಧನಗಳು ಸಿದ್ಧವಾಗಿವೆ, ಓದುಗರು ಏನನ್ನು ಮೊದಲು ನೋಡಬೇಕು ಎಂಬ ತೀರ್ಮಾನ ಮಾತ್ರ ಬರೆಯುವವರದೇ.