ಅಗಲಿದವರ ಗುರುತು: ಕಾವೇರಿಯ ದಡದಿಂದ ಕಂಬದಹಳ್ಳಿಯವರೆಗೆ

ಶ್ರೀರಂಗಪಟ್ಟಣದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಿಂದ ತುಸು ದೂರದಲ್ಲಿ, ಕಾವೇರಿಯ ದಡದ ಮೇಲೆ ಗ್ಯಾರಿಸನ್ ಸ್ಮಶಾನವಿದೆ. ಮುನ್ನೂರಕ್ಕೂ ಹೆಚ್ಚು ಸಮಾಧಿಗಳಿರುವ ಈ ಸ್ಥಳಕ್ಕೆ ಗುಂಬಜ್, ದರಿಯಾ ದೌಲತ್‌ಗಳನ್ನು ನೋಡಲು ಬರುವ ಪ್ರವಾಸಿಗರು ಹೋಗುವುದು ಕಡಿಮೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇಲ್ಲಿ ನೆಲೆನಿಂತ ಸೇನೆಯ ಅಧಿಕಾರಿಗಳು, ಸ್ವಿಟ್ಜರ್ಲೆಂಡ್ ಮೂಲದ ಡಿ ಮ್ಯೂರಾನ್ ದಳದವರು, ಅವರ ಹೆಂಡಿರು ಮಕ್ಕಳು ಇಲ್ಲಿ ಮಲಗಿದ್ದಾರೆ. ಇವರಲ್ಲಿ ಅನೇಕರನ್ನು ಕೊಂದದ್ದು ಯುದ್ಧವಲ್ಲ, ದ್ವೀಪದ ಜ್ವರ. ಆ ಜ್ವರದ ಕಾಟಕ್ಕೆ ಬೇಸತ್ತೇ 1809ರಲ್ಲಿ ದಂಡಿನ ಕೇಂದ್ರವನ್ನು ಬೆಂಗಳೂರಿಗೆ ಒಯ್ದರು.

ಈ ಸ್ಮಶಾನಕ್ಕೆ ಹೊಂದಿಕೊಂಡ ಒಂದು ಐತಿಹ್ಯ ಪ್ರಸಿದ್ಧವಾಗಿದೆ. ತೋಪುಗಾಡಿಗಳನ್ನು ತಯಾರಿಸುವ ಕಾರ್ಖಾನೆಯ ಮುಖ್ಯಸ್ಥನಾಗಿದ್ದ ಕರ್ನಲ್ ಸ್ಕಾಟ್ ಒಂದು ದಿನ ಮನೆಗೆ ಮರಳಿದಾಗ ಹೆಂಡತಿ ಮಕ್ಕಳು ಕಾಲರಾಕ್ಕೆ ತುತ್ತಾಗಿದ್ದರಂತೆ. ಆತ ಮನೆಯನ್ನು ಇದ್ದಂತೆಯೇ ಬಿಟ್ಟು ಹೊರಟುಹೋದನು, ಮರಳಿ ಬರಲಿಲ್ಲ ಎಂದು ಜನ ಹೇಳುತ್ತಾರೆ. ಪೀಠೋಪಕರಣಗಳ ಸಮೇತ ಆ ಮನೆಯನ್ನು ಹಾಗೆಯೇ ಕಾಯ್ದಿಡುವಂತೆ ಮೈಸೂರು ಅರಸರು ಅಪ್ಪಣೆ ಮಾಡಿದ್ದರೆಂಬುದೂ ಆ ಕಥೆಯ ಭಾಗ. ಸ್ಮಶಾನದ ಕಲ್ಲು ಹೇಳುವ ಸಂಗತಿ ಬೇರೆ. ಸ್ಕಾಟನ ಪತ್ನಿ ಕ್ಯಾರೊಲಿನ್ ಇಸಬೆಲ್ಲಾ 1817ರಲ್ಲಿ ಹೆರಿಗೆಯಲ್ಲಿ ತೀರಿಕೊಂಡವಳು. ಕಾಲರಾದ ಕಥೆ ಹೇಗೆ ಹುಟ್ಟಿತೋ ಏನೋ, ಅದು ಉಳಿದುಬಂದ ಕಾರಣ ಮಾತ್ರ ತಿಳಿಯುವಂತಿದೆ. ಅಗಲಿದವರು ಮರಳಿ ಬಂದರೆ ತಮ್ಮ ಮನೆಯ ಗುರುತು ಅವರಿಗೆ ಸಿಗಬೇಕು ಎಂಬಂತೆ ಒಂದು ಮನೆಯನ್ನು ಕದಲಿಸದೆ ಇಟ್ಟ ಚಿತ್ರ ಅದರಲ್ಲಿದೆ.

ಸತ್ತ ಮೇಲೆ ನಮ್ಮವರು ಸಿಕ್ಕುವರೇ, ಸಿಕ್ಕರೆ ಗುರುತು ಹತ್ತುವುದೇ ಎಂಬ ಪ್ರಶ್ನೆ ಕ್ರೈಸ್ತ ಧರ್ಮದಲ್ಲಿ ಆರಂಭದಿಂದಲೂ ಇದೆ. ಮೃತರಾದ ಬಂಧುಗಳಿಗಾಗಿ ಕಳವಳಪಡುತ್ತಿದ್ದ ಥೆಸಲೋನಿಕದ ಸಭೆಗೆ ಪೌಲನು ಬರೆದ ಪತ್ರದ ಆಶ್ವಾಸನೆ ಇದೇ: ಬದುಕಿರುವವರೂ ಸತ್ತವರೂ ಒಟ್ಟುಗೂಡುವ ದಿನವೊಂದಿದೆ. ಮೂರನೆಯ ಶತಮಾನದ ಕಾರ್ಥೇಜಿನ ಬಿಷಪ್ ಸಿಪ್ರಿಯನ್, ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಅಲ್ಲಿ ನಮ್ಮ ದಾರಿ ನೋಡುತ್ತಿರುವರೆಂದು ಸಾಂಕ್ರಾಮಿಕದಿಂದ ತತ್ತರಿಸಿದ ತನ್ನ ಜನರಿಗೆ ಬರೆದನು. ಆದರೆ ಈ ಆಸೆಗೆ ಸುವಾರ್ತೆಯಲ್ಲಿಯೇ ಒಂದು ಮಿತಿಯೂ ಉಂಟು. ಏಳು ಮಂದಿ ಅಣ್ಣತಮ್ಮಂದಿರಿಗೆ ಒಬ್ಬರಾದ ಮೇಲೊಬ್ಬರಂತೆ ಹೆಂಡತಿಯಾದವಳು ಪುನರುತ್ಥಾನದಲ್ಲಿ ಯಾರ ಹೆಂಡತಿ ಎಂದು ಸದ್ದುಕಾಯರು ಕೆಣಕಿದಾಗ, ಅಲ್ಲಿ ಮದುವೆಯೇ ಇಲ್ಲವೆಂದು ಯೇಸು ಉತ್ತರಿಸುತ್ತಾನೆ. ಗುರುತು ಉಳಿಯಬಹುದು, ನಂಟು ಈ ರೂಪದಲ್ಲಿ ಉಳಿಯದು. ಗುರುತು ಹತ್ತುವುದೂ ಸುಲಭವಲ್ಲ. ಗೋರಿಯ ಬಳಿ ನಿಂತಿದ್ದ ಮಗ್ದಲದ ಮರಿಯಳು ಯೇಸುವನ್ನು ತೋಟಗಾರನೆಂದೇ ಭಾವಿಸಿದ್ದಳು. ಹೆಸರು ಹಿಡಿದು ಕರೆದಾಗಲೇ ಆಕೆಗೆ ತಿಳಿದದ್ದು. ಎಮ್ಮಾವುಸಿನ ದಾರಿಯಲ್ಲಿ ಜೊತೆಗೇ ನಡೆದ ಇಬ್ಬರು ಶಿಷ್ಯರಿಗೆ ಆತ ರೊಟ್ಟಿ ಮುರಿಯುವವರೆಗೂ ಗುರುತೇ ಹತ್ತಲಿಲ್ಲ.

ಈ ನಂಬಿಕೆಯನ್ನು ಶ್ರೀರಂಗಪಟ್ಟಣದ ನೆಲದಲ್ಲಿ ನಿಂತು ಬೋಧಿಸಿದವರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ (1766–1848) ಮುಖ್ಯನು. ಟಿಪ್ಪುವಿನ ಪತನಾನಂತರ ಚೆದುರಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದ ಈತ ಗಂಜಾಮಿನಲ್ಲಿ ಇಗರ್ಜಿ ಕಟ್ಟಿಸಿ, ಗಡ್ಡ ಬಿಟ್ಟು, ರುಮಾಲು ಸುತ್ತಿ, ‘ದೊಡ್ಡಸ್ವಾಮಿಯವರು’ ಎನ್ನಿಸಿಕೊಂಡು ಬಾಳಿದನು. ಸಿಡುಬಿನ ಲಸಿಕೆಯನ್ನು ಹಳ್ಳಿಗಳಿಗೆ ಮುಟ್ಟಿಸಿದವರಲ್ಲಿಯೂ ಈತನಿದ್ದಾನೆ. ನಮ್ಮ ಜನರ ಆಚಾರವಿಚಾರಗಳನ್ನು ಕುರಿತ ಅವನ ಗ್ರಂಥದ ಹಸ್ತಪ್ರತಿಯನ್ನು ಕಂಪನಿ ಸರ್ಕಾರ ಕೊಂಡುಕೊಂಡು 1816ರಲ್ಲಿ ಪ್ರಕಟಿಸಿತು. ಅದರಲ್ಲಿ ಜೈನರಿಗೆಂದೇ ಒಂದು ಅನುಬಂಧವಿದೆ. ಆತನ ತೀರ್ಪುಗಳು ಹಲವೆಡೆ ಕಠೋರ, ಕೆಲವೆಡೆ ತಪ್ಪು. ಹಾಗಿದ್ದೂ ನಂಬಿಕೆಯ ಗೋಡೆಯಾಚೆಗಿನವರನ್ನು ಕುರಿತು ಬರೆಯಬೇಕೆಂದು ಆತನಿಗೆ ಅನ್ನಿಸಿತೆಂಬುದು ಗಮನಾರ್ಹ.

ಗೋಡೆಯ ಈಚಿನಿಂದಲೂ ಕೈ ಚಾಚಿದವರಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ದಂಡು ಬೀಡುಬಿಟ್ಟಿದ್ದ ಹಿರೋಡೆಯೇ ಮುಂದೆ ಫ್ರೆಂಚ್ ರಾಕ್ಸ್ ಎನಿಸಿ ಇಂದು ಪಾಂಡವಪುರವಾಗಿದೆ. ಅದರ ಸಮೀಪದಲ್ಲಿ ಎತ್ತರದ ಕಲ್ಲಿನ ಸ್ಮಾರಕಸ್ತಂಭವೊಂದಿದೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು 1804ರಲ್ಲಿ ಉತ್ತರ ಭಾರತದಲ್ಲಿ ತೀರಿಕೊಂಡ ಜೊಸಾಯ ವೆಬ್ಬನ ನೆನಪಿಗೆ ಅದನ್ನು ನಿಲ್ಲಿಸಿದವನು ದಿವಾನ್ ಪೂರ್ಣಯ್ಯ. ಮಾಧ್ವ ಬ್ರಾಹ್ಮಣನೊಬ್ಬನು ಕ್ರೈಸ್ತ ಮಿತ್ರನಿಗಾಗಿ ಎತ್ತಿಸಿದ ಈ ಕಂಬಕ್ಕೆ ಅವರಿಬ್ಬರ ಪರಲೋಕಗಳೂ ಬೇರೆಬೇರೆ ಎಂಬುದು ಅಡ್ಡಿಯಾಗಲಿಲ್ಲ. ಇಂಥ ಕೆಲಸಕ್ಕೆ ಜೈನ ಶಾಸನಗಳಲ್ಲಿ ಒಂದು ಹೆಸರಿದೆ: ಪರೋಕ್ಷವಿನಯ. ಕಣ್ಣೆದುರು ಇಲ್ಲದವರಿಗೆ ಸಲ್ಲಿಸುವ ಗೌರವ ಎಂದು ಅದರ ಅರ್ಥ. ಅದನ್ನು ಮುಂದೆ ನೋಡೋಣ.

ಅದಕ್ಕೂ ಮೊದಲು ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯನ್ನು ಕಾಣಬೇಕು. ಅಲ್ಲಿನ ದೇವಾಲಯದ ಮುಂದೆ ಆನೆಗಳನ್ನು ಹೊತ್ತ ಕಂಬಗಳಿವೆ. ಹದಿಮೂರನೆಯ ಶತಮಾನದ ಇಲ್ಲಿನ ಶಾಸನಗಳು ಒಂದೇ ಮನೆತನದ ಗರುಡರ ಕಥೆಯನ್ನು ಹೇಳುತ್ತವೆ. ಹೊಯ್ಸಳ ಅರಸರು ಒಬ್ಬೊಬ್ಬರಾಗಿ ತೀರಿದಂತೆ ಈ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ತಮ್ಮ ಹೆಂಡಿರು, ಪರಿವಾರದವರೊಡನೆ ಪ್ರಾಣ ಬಿಟ್ಟರು. ಎರಡನೆಯ ಬಲ್ಲಾಳನು ತೀರಿದಾಗ ಕುವರ ಲಕ್ಷ್ಮನೂ ಸುಗ್ಗಲದೇವಿಯೂ ಹೀಗೆಯೇ ಮಡಿದುದನ್ನು ಹಳೇಬೀಡಿನ ಕಂಬ ಸಾರುತ್ತದೆ. ಜೋಳವಾಳಿ, ವೇಳೆವಾಳಿಗಳ ಈ ಲೋಕದಲ್ಲಿ ಗುರುತಿನ ಪ್ರಶ್ನೆಯೇ ಏಳುವುದಿಲ್ಲ. ಒಡೆಯನು ಅಲ್ಲಿಯೂ ಒಡೆಯನೇ, ಆಳು ಅಲ್ಲಿಯೂ ಆಳೇ. ಒಟ್ಟಿಗೆ ಹೊರಟವರು ಕಳೆದುಹೋಗುವುದೆಲ್ಲಿಂದ ಬಂತು? ಈ ನಿಷ್ಠೆಯ ಮುಂದೆ ತಲೆ ಬಾಗುತ್ತದೆ, ನಿಜ. ಆದರೆ ಹೆಂಡಿರನ್ನೂ ಊಳಿಗದವರನ್ನೂ ಆ ಪಯಣಕ್ಕೆ ಸೇರಿಸಿಕೊಂಡಾಗ ಅವರ ಇಷ್ಟವನ್ನು ಯಾರು ಕೇಳಿದ್ದರು ಎಂಬುದಕ್ಕೆ ಕಂಬಗಳು ಉತ್ತರಿಸುವುದಿಲ್ಲ.

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಕಂಬದ ಮಾತು ಇದಕ್ಕಿಂತ ಬೇರೆ. ಬ್ರಹ್ಮದೇವ ಸ್ತಂಭದಿಂದಲೇ ಹೆಸರು ಪಡೆದ ಈ ಊರಿನ ಪಂಚಕೂಟ ಬಸದಿ ಗಂಗರ ಕಾಲದ್ದು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಬಿಂಡಿಗನವಿಲೆಯನ್ನು ಅರಸನಿಂದ ಪಡೆದು ತನ್ನ ಗುರು ಶುಭಚಂದ್ರ ಸಿದ್ಧಾಂತದೇವರಿಗೆ ದತ್ತಿಯಾಗಿ ಬಿಟ್ಟುದನ್ನು ಇಲ್ಲಿನ 1118ರ ಶಾಸನ ತಿಳಿಸುತ್ತದೆ. ಈ ಗಂಗರಾಜನ ಮನೆಯಲ್ಲಿ ಮರಣಗಳು ಒಂದರ ಬೆನ್ನಿಗೊಂದು ಬಂದವು. 1121ರ ಸುಮಾರಿಗೆ ತಾಯಿ ಪೋಚಿಕಬ್ಬೆ, ಸ್ವಲ್ಪದರಲ್ಲಿಯೇ ಹೆಂಡತಿ ಲಕ್ಷ್ಮಿ ಸಲ್ಲೇಖನದಿಂದ ಮುಡಿಪಿದರು. ಇಬ್ಬರಿಗೂ ಆತ ಶ್ರವಣಬೆಳಗೊಳದಲ್ಲಿ ನಿಸಿದಿಗೆ ನಿಲ್ಲಿಸಿದನು. ಗಂಗರಾಜನೂ ತೀರಿದ ಮೇಲೆ ಮಗ ಬೊಪ್ಪನು ತಂದೆಯ ನೆನಪಿಗೆ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದನು. ಇವೆಲ್ಲ ಪರೋಕ್ಷವಿನಯದ ಕಾರ್ಯಗಳೇ. ಮುಂದೆ ಭೇಟಿಯಾಗುವೆವೆಂಬ ಭರವಸೆ ಇವುಗಳಲ್ಲಿಲ್ಲ. ನೆನೆಯುವ ಹೊಣೆ ಉಳಿದವರದು, ಹೋದವರದಲ್ಲ.

ಇದು ಸಿದ್ಧಾಂತದಿಂದಲೇ ಬಂದುದು. ಸಲ್ಲೇಖನಕ್ಕೆ ಐದು ಅತಿಚಾರಗಳಿವೆಯೆಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಎಣಿಸುತ್ತದೆ: ಬದುಕುವ ಆಸೆ, ಬೇಗ ಸಾಯುವ ಆಸೆ, ಮಿತ್ರಾನುರಾಗ, ಸುಖಾನುಬಂಧ ಮತ್ತು ನಿದಾನ. ಇವುಗಳಲ್ಲಿ ಮಿತ್ರಾನುರಾಗವೆಂದರೆ ಪ್ರಿಯರಾದವರ ಮೇಲೆ ಮನಸ್ಸು ಹರಿಯುವುದು. ಸಾಯುವ ಹೊತ್ತಿನಲ್ಲಿ ಮಗನ ಮುಖ ನೆನೆಯುವುದೂ ಗಂಡನೊಡನೆ ಆಡಿದ ದಿನಗಳು ಕಣ್ಣ ಮುಂದೆ ಬರುವುದೂ ವ್ರತಕ್ಕೆ ಕಲೆಯೇ. ‘ಮುಂದಿನ ಜನ್ಮದಲ್ಲಿಯೂ ಇವರೇ ಸಿಗಲಿ’ ಎಂದು ಬೇಡಿದರೆ ಅದು ನಿದಾನ, ಇನ್ನೂ ದೊಡ್ಡ ದೋಷ. ಕ್ರೈಸ್ತನಿಗೆ ಸಾವಿನ ಹಾಸಿಗೆಯಲ್ಲಿ ಸಮಾಧಾನ ಕೊಡುವ ಆಸೆಯೇ ಜೈನನಿಗೆ ಕೊನೆಯ ಪರೀಕ್ಷೆಯಾಗಿದೆ.

ಹೃದಯ ಸೂತ್ರವನ್ನು ಮೀರುವ ಗಳಿಗೆಗಳಿಗೆ ಶಾಸನವೇ ಸಾಕ್ಷಿ. 1131ರಲ್ಲಿ ಪಟ್ಟದರಸಿ ಶಾಂತಲದೇವಿ ಶಿವಗಂಗೆಯಲ್ಲಿ ತೀರಿಕೊಂಡಳು. ಆಕೆಯ ತಾಯಿ ಮಾಚಿಕಬ್ಬೆ, ಮಗಳು ಸುರಗತಿಗೆ ಸಂದಮೇಲೆ ತಾನು ಹಿಂದುಳಿಯಲಾರೆನೆಂದು ಬೆಳಗೊಳಕ್ಕೆ ಬಂದು ಸಂನ್ಯಸನ ಕೈಗೊಂಡು, ಒಂದು ತಿಂಗಳ ಉಪವಾಸದಿಂದ ದೇಹ ತೊರೆದಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಸೂತ್ರದ ಕಣ್ಣಿನಲ್ಲಿ ಇದು ಮಿತ್ರಾನುರಾಗವಲ್ಲದೆ ಮತ್ತೇನು? ಆದರೆ ಶಾಸನ ಬರೆದವನು ಅದನ್ನು ಮರೆಮಾಚಲಿಲ್ಲ, ಖಂಡಿಸಲೂ ಇಲ್ಲ. ತಾಯಿ ಮಗಳ ಹಿಂದೆ ಹೊರಟಳೆಂಬುದನ್ನೂ ಗುರುಗಳ ಸನ್ನಿಧಿಯಲ್ಲಿ ವಿಧಿವತ್ತಾಗಿ ಮುಡಿಪಿದಳೆಂಬುದನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದನು. ಮಗಳನ್ನು ಕಂಡಳೆಂದು ಮಾತ್ರ ಅವನು ಬರೆಯಲಿಲ್ಲ.

ಕಂಡರೂ ಗುರುತು ಹತ್ತುವುದೇ? ಜೈನ ಕಾವ್ಯಗಳು ಇದಕ್ಕೆ ಎರಡು ಬಗೆಯ ಉತ್ತರ ಕೊಟ್ಟಿವೆ. ಒಂದು ಭಯಂಕರವಾದುದು. ಬಲ್ಲಾಳನ ಆಸ್ಥಾನದ ಜನ್ನನು 1209ರಲ್ಲಿ ಬರೆದ ಯಶೋಧರಚರಿತೆಯಲ್ಲಿ ತಂದೆಯ ಸದ್ಗತಿಗೆಂದು ಮಗ ಮಾಡಿಸುವ ಶ್ರಾದ್ಧಕ್ಕೆ ಪ್ರಾಣಿಯಾಗಿ ಹುಟ್ಟಿದ ಆ ತಂದೆಯೇ ಬಲಿಯಾಗುತ್ತಾನೆ. ಮಗನಿಗೆ ಗುರುತಿಲ್ಲ. ಇದಕ್ಕಿಂತ ಘೋರವಾದ ಅಗಲಿಕೆಯನ್ನು ಕಲ್ಪಿಸುವುದು ಕಷ್ಟ.

ಇನ್ನೊಂದು ಉತ್ತರ ಪಂಪನ ಆದಿಪುರಾಣದ್ದು (941). ಜಿನಸೇನನ ಸಂಸ್ಕೃತ ಪುರಾಣವನ್ನು ಅನುಸರಿಸಿದ ಈ ಕಥೆಯಲ್ಲಿ ಲಲಿತಾಂಗದೇವ, ಸ್ವಯಂಪ್ರಭೆಯರು ಸ್ವರ್ಗದಿಂದ ಚ್ಯುತರಾಗಿ ಭೂಮಿಯಲ್ಲಿ ವಜ್ರಜಂಘ, ಶ್ರೀಮತಿಯರಾಗಿ ಬೇರೆಬೇರೆ ಊರುಗಳಲ್ಲಿ ಹುಟ್ಟುತ್ತಾರೆ. ಆಕಾಶದಲ್ಲಿ ಸಾಗುವ ದೇವತೆಗಳನ್ನು ಕಂಡ ಕೂಡಲೇ ಶ್ರೀಮತಿಗೆ ಜಾತಿಸ್ಮರಣೆಯುಂಟಾಗಿ ಮೂರ್ಛೆ ಹೋಗುತ್ತಾಳೆ. ಎಚ್ಚೆತ್ತ ಮೇಲೆ ಆಕೆ ಹಿಂದಿನ ಭವದ ದೃಶ್ಯಗಳನ್ನು ಪಟದಲ್ಲಿ ಚಿತ್ರಿಸುತ್ತಾಳೆ. ದಾದಿ ಪಂಡಿತಿಕೆ ಆ ಪಟವನ್ನು ಜಿನಾಲಯದಲ್ಲಿ ಹರಡಿ ಕುಳಿತುಕೊಳ್ಳುತ್ತಾಳೆ. ಬಂದವರು ಹಲವರು ನೋಡಿ ಹೋಗುತ್ತಾರೆ. ವಜ್ರಜಂಘನಿಗೆ ಮಾತ್ರ ಅದು ತನ್ನ ಕಥೆಯೆಂದು ಹೊಳೆಯುತ್ತದೆ. ಮರಿಯಳಿಗೆ ಕರೆದ ಹೆಸರಿನಿಂದ ಆದ ಗುರುತು ಇಲ್ಲಿ ಪಟದಿಂದ ಆಗುತ್ತದೆ.

ಮದುವೆಯಾಗುತ್ತದೆ. ಕಥೆ ಇಲ್ಲಿಗೆ ನಿಂತಿದ್ದರೆ ಅದು ಯಾವ ಧರ್ಮದ ಓದುಗನಿಗೂ ಪ್ರಿಯವಾಗುತ್ತಿತ್ತು. ಅದು ನಿಲ್ಲುವುದಿಲ್ಲ. ಶಯ್ಯಾಗೃಹದಲ್ಲಿ ತುಂಬಿದ ಧೂಪದ ಹೊಗೆಯಿಂದ ದಂಪತಿಗಳು ಒಟ್ಟಿಗೆ ಉಸಿರುಕಟ್ಟಿ ಸಾಯುತ್ತಾರೆ. ಮುಂದೆ ಭೋಗಭೂಮಿಯಲ್ಲಿ ಮತ್ತೆ ಜೊತೆಯಾಗುತ್ತಾರೆ, ದೇವಲೋಕದಲ್ಲಿ ಇಬ್ಬರೂ ದೇವರಾಗಿರುತ್ತಾರೆ. ಅನಂತರದ ಒಂದು ಭವದಲ್ಲಿ ಶ್ರೀಮತಿಯ ಜೀವವು ವಜ್ರಜಂಘನ ಜೀವಕ್ಕೆ ಕೇಶವನೆಂಬ ಮಗನಾಗಿ ಹುಟ್ಟುತ್ತದೆ! ಹೆಂಡತಿಯಾಗಿದ್ದವಳು ಮಗನಾದಳು. ಇನ್ನೊಂದು ಭವದಲ್ಲಿ ಒಬ್ಬನು ಚಕ್ರವರ್ತಿ, ಇನ್ನೊಬ್ಬನು ಅವನ ಆಶ್ರಯದ ವೈಶ್ಯ. ಸದ್ದುಕಾಯರ ಪ್ರಶ್ನೆಗೆ ಜೈನ ಪುರಾಣ ಕೊಡುವ ಉತ್ತರವನ್ನು ಇಲ್ಲಿ ಓದಬಹುದು. ಯಾರ ಹೆಂಡತಿ ಎಂದು ಕೇಳುವುದಕ್ಕೆ ಮೊದಲು ಆಕೆ ಯಾವ ಭವದವಳೆಂದು ಕೇಳಬೇಕಾಗುತ್ತದೆ.

ಕೊನೆಯ ಭವದಲ್ಲಿ ವಜ್ರಜಂಘನ ಜೀವವು ಆದಿತೀರ್ಥಂಕರ ವೃಷಭನಾಥ. ಶ್ರೀಮತಿಯ ಜೀವವು ಹಸ್ತಿನಾಪುರದ ರಾಜಕುಮಾರ ಶ್ರೇಯಾಂಸ. ದೀಕ್ಷೆಯ ಬಳಿಕ ಭಗವಂತನು ಆಹಾರಕ್ಕೆಂದು ಊರೂರು ತಿರುಗಿದರೂ ಮುನಿಗೆ ಆಹಾರ ಕೊಡುವ ಕ್ರಮ ಯಾರಿಗೂ ಗೊತ್ತಿರಲಿಲ್ಲ. ಜನ ಆನೆ, ಕುದುರೆ, ರತ್ನಗಳನ್ನು ತಂದು ಮುಂದಿಟ್ಟರು. ಶ್ರೇಯಾಂಸನಿಗೆ ಆತನನ್ನು ಕಂಡೊಡನೆ ಜಾತಿಸ್ಮರಣೆಯಾಯಿತು: ತಾನು ಶ್ರೀಮತಿಯಾಗಿದ್ದಾಗ ಈತನೊಡನೆ ಸೇರಿ ಚಾರಣಮುನಿಗಳಿಗೆ ಆಹಾರ ಕೊಟ್ಟಿದ್ದ ನೆನಪು. ಆ ನೆನಪಿನ ಬಲದಿಂದ ಆತ ಕಬ್ಬಿನ ಹಾಲನ್ನು ಭಗವಂತನ ಅಂಜಲಿಗೆ ಎರೆದನು. ಅಕ್ಷಯತೃತೀಯೆಯ ಆಚರಣೆಗೆ ಜೈನರಲ್ಲಿ ಇದೇ ಮೂಲ. ಶ್ರೀರಂಗಪಟ್ಟಣ, ಪಾಂಡವಪುರಗಳ ಕಬ್ಬಿನ ಗದ್ದೆಗಳ ನಡುವೆ ಬೆಳೆದವರಿಗೆ ಈ ಪ್ರಸಂಗ ತಮ್ಮ ಊರಿನದೇ ಎನ್ನಿಸಿದರೆ ಆಶ್ಚರ್ಯವಿಲ್ಲ.

ಎಮ್ಮಾವುಸಿನಲ್ಲಿ ಊಟದ ಹೊತ್ತಿಗೆ ಗುರುತು ಹತ್ತಿತು. ಹಸ್ತಿನಾಪುರದಲ್ಲಿ ಗುರುತು ಹತ್ತಿದ್ದರಿಂದ ಆಹಾರ ಸಂದಿತು. ಎಮ್ಮಾವುಸಿನಲ್ಲಿ ಗುರುತು ಹತ್ತಿದ ಕ್ಷಣವೇ ಯೇಸು ಕಣ್ಮರೆಯಾಗುತ್ತಾನೆ. ಇಲ್ಲಿ ವೃಷಭನಾಥನು ಆಹಾರ ಸ್ವೀಕರಿಸಿ, ಮೌನವಾಗಿ ಕಾಡಿನತ್ತ ನಡೆಯುತ್ತಾನೆ. ‘ನೀನು ನನ್ನ ಶ್ರೀಮತಿಯಲ್ಲವೆ’ ಎಂಬ ಮಾತು ಇಲ್ಲ. ಎಷ್ಟೋ ಭವಗಳ ಸಂಗಾತಿಯನ್ನು ಒಬ್ಬನು ಗುರುತಿಸಿದನು, ಇನ್ನೊಬ್ಬನು ಗುರುತನ್ನು ದಾಟಿದ್ದನು. ಶ್ರೇಯಾಂಸನಿಗೆ ಇದರಿಂದ ನೋವಾಯಿತೆಂದು ಪುರಾಣ ಹೇಳುವುದಿಲ್ಲ. ಭರತ ಚಕ್ರವರ್ತಿಯೇ ಆತನನ್ನು ದಾನತೀರ್ಥದ ಪ್ರವರ್ತಕನೆಂದು ಗೌರವಿಸಿದನು.

ಶ್ರೀರಂಗಪಟ್ಟಣದ ಬಳಿ ಕಾವೇರಿಯ ಉತ್ತರ ದಂಡೆಯಲ್ಲಿ ದೊರೆತ ಸುಮಾರು ಕ್ರಿ.ಶ. 900ರ ಎರಡು ಶಾಸನಗಳು ಕಳ್ಬಪ್ಪು ಬೆಟ್ಟದ ಶಿಖರವನ್ನು ವರ್ಣಿಸುತ್ತವೆ. ಆ ಶಿಖರಕ್ಕೆ ಅವು ಕೊಡುವ ಗುರುತು ಭದ್ರಬಾಹು, ಚಂದ್ರಗುಪ್ತ ಮುನಿಗಳ ಪಾದಮುದ್ರೆ. ಚಂದ್ರಗಿರಿಯ ಬಂಡೆಗಳ ಮೇಲೆ ಇಂದಿಗೂ ಕಾಣುವುದು ಅಂಥ ಪಾದಗಳೇ; ಮುಖವನ್ನು ಯಾರೂ ಕೊರೆಯಲಿಲ್ಲ. ಅದೇ ಕಾವೇರಿಯ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಎರಡು ಶತಮಾನಗಳ ಬಳಿಕ ಸಮಾಧಿಗಳ ಜೀರ್ಣೋದ್ಧಾರ ನಡೆದಾಗ ಅದಕ್ಕೆ ಕೈಗೂಡಿಸಿದವರಲ್ಲಿ ಡಿ ಮ್ಯೂರಾನ್ ಮನೆತನದವರೂ ಇದ್ದರು. ತಮ್ಮವರ ಹೆಸರು ಕಲ್ಲಿನ ಮೇಲೆ ಓದುವಂತಿರಲೆಂದು ಅವರು ಅಷ್ಟು ದೂರದಿಂದ ಈ ದ್ವೀಪದವರೆಗೆ ಬಂದಿದ್ದರು.