ಹುಬ್ಬಳ್ಳಿಗೆ ಬಂದ ಕರಗುವ ದಾರ

ಮೂತ್ರಕೋಶಕ್ಕೆ ಹಾಕುವ ಹೊಲಿಗೆಗೆ ಚರ್ಮದ ಹೊಲಿಗೆಗಿಲ್ಲದ ಒಂದು ಕಟ್ಟಳೆಯಿದೆ: ದಾರ ಅಲ್ಲೇ ಉಳಿಯಬಾರದು. ಮೂತ್ರದಲ್ಲಿ ಕರಗಿರುವ ಲವಣಗಳಿಗೆ ಹಿಡಿದು ಕೂರಲು ಒಂದು ಆಸರೆ ಸಿಕ್ಕರೆ ಸಾಕು. ರೇಷ್ಮೆಯ ಒಂದೇ ಗಂಟು ಒಳಗೆ ಚಾಚಿಕೊಂಡಿದ್ದರೂ ಅದರ ಸುತ್ತ ಪದರ ಪದರವಾಗಿ ಹರಳು ಕಟ್ಟುತ್ತದೆ. ಆದ್ದರಿಂದ ಗಾಯ ಕೂಡುವವರೆಗೆ ಬಿಗಿಯಾಗಿದ್ದು, ಆಮೇಲೆ ಇಲ್ಲವಾಗುವ ದಾರವೇ ಬೇಕು. ಹುಬ್ಬಳ್ಳಿ-ಧಾರವಾಡದ ಕಡೆ ರೋಗಿಯ ಮನೆಯವರು ‘ಹೊಲಿಗಿ ಬಿಚ್ಚಬೇಕೇನ್ರಿ, ತಾವ ಕರಗ್ತಾವೇನ್ರಿ?’ ಎಂದು ಕೇಳುವ ಸಾಮಾನ್ಯ ಪ್ರಶ್ನೆಗೆ ಉತ್ತರ ಹುಡುಕಲು ಶಸ್ತ್ರವೈದ್ಯಕ್ಕೆ ಬಹುಕಾಲ ಹಿಡಿಯಿತು.

ಮೂತ್ರಕೋಶ ಸೀಳಿದರೆ ಸಾವೇ ಎಂದು ಹಳೆಯ ಗ್ರೀಕ್ ವೈದ್ಯರು ನಂಬಿದ್ದರು. ಸುಶ್ರುತ ಸಂಹಿತೆ ಮೂತ್ರಕೋಶ ಕೊಯ್ದು ಕಲ್ಲು ತೆಗೆಯುವ ಕ್ರಮವನ್ನು ವಿವರವಾಗಿ ಹೇಳುತ್ತದೆ. ಹೊಲಿಗೆಗೆ ಸೆಣಬು, ನಾರು, ಸ್ನಾಯುರಜ್ಜು, ಕೂದಲನ್ನೂ ಹೆಸರಿಸುತ್ತದೆ. ಆದರೆ ಕಲ್ಲು ತೆಗೆದ ಮೇಲೆ ಅದು ಸೂಚಿಸುವುದು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸುವುದನ್ನು. ಗಾಯ ಕೂಡಿಸುವ ಕೆಲಸವನ್ನು ಬಹುಮಟ್ಟಿಗೆ ದೇಹಕ್ಕೇ ಬಿಟ್ಟದ್ದು ಆ ಕಾಲಕ್ಕೆ ಜಾಣತನವೇ ಸರಿ.

ದೇಹ ತಾನಾಗಿ ಮುಚ್ಚದ ತೂತೂ ಒಂದಿತ್ತು. ಹೆರಿಗೆ ದಿನಗಟ್ಟಲೆ ತಡೆದರೆ ಮಗುವಿನ ತಲೆಯ ಒತ್ತಡಕ್ಕೆ ಮೂತ್ರಕೋಶದ ಗೋಡೆ ಸತ್ತು, ಯೋನಿಗೆ ದಾರಿಯಾಗಿ, ತಾಯಿಗೆ ಹಗಲು ರಾತ್ರಿ ಮೂತ್ರ ಸೋರುತ್ತಿತ್ತು. ಅಮೆರಿಕದ ಅಲಬಾಮಾದಲ್ಲಿ ಜೆ. ಮೇರಿಯನ್ ಸಿಮ್ಸ್ 1849ರಲ್ಲಿ ಇದನ್ನು ಬೆಳ್ಳಿಯ ತಂತಿಯಿಂದ ಹೊಲಿದು ಗೆದ್ದ. ಅದಕ್ಕೂ ಮುಂಚೆ ರೇಷ್ಮೆ ಹಾಕಿದಾಗೆಲ್ಲ ಗಾಯ ಕೀವಾಗಿ ಬಿಚ್ಚಿಕೊಂಡಿತ್ತು. ಗುಲಾಮಗಿರಿಯಲ್ಲಿದ್ದ ಅನಾರ್ಕಾ ಎಂಬ ಹೆಣ್ಣುಮಗಳ ಮೇಲೆ ಅವನು ಅರಿವಳಿಕೆಯಿಲ್ಲದೆ ಸುಮಾರು 30 ಬಾರಿ ಶಸ್ತ್ರಕ್ರಿಯೆ ನಡೆಸಿದ್ದನ್ನು ಬಿಟ್ಟು ಈ ಗೆಲುವಿನ ಕಥೆ ಹೇಳುವುದು ನ್ಯಾಯವಲ್ಲ. ಬೆಳ್ಳಿ ಕೊಳೆಯದು ನಿಜ, ಕರಗುವುದೂ ಇಲ್ಲ, ಅದನ್ನು ಬಿಚ್ಚಲೇಬೇಕಿತ್ತು.

ಕರಗುವ ದಾರವಾಗಿ ಬಂದದ್ದು ಕ್ಯಾಟ್‌ಗಟ್. ಹೆಸರಿನಲ್ಲಿ ಬೆಕ್ಕಿದ್ದರೂ ಇದು ಮುಖ್ಯವಾಗಿ ಕುರಿಯ ಸಣ್ಣ ಕರುಳಿನ ಪದರದಿಂದ ಹೊಸೆದದ್ದು. ಸಾರಂಗಿಗೆ ಕಟ್ಟುವ ಕರುಳಿನ ತಂತಿಯ ಹತ್ತಿರದ ನೆಂಟ. ಜೋಸೆಫ್ ಲಿಸ್ಟರ್ 1869ರಲ್ಲಿ ಇದನ್ನು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿ ಬಳಸಿದ ಬಗೆಯನ್ನು ಪ್ರಕಟಿಸಿದ. ಬರಿಯ ಕ್ಯಾಟ್‌ಗಟ್ ವಾರ-ಹತ್ತು ದಿನಕ್ಕೆ ಸೋಲುತ್ತದೆ. ಚರ್ಮ ಹದಮಾಡುವ ಕ್ರೋಮಿಯಂ ಲವಣದಲ್ಲಿ ಇದನ್ನೂ ಹದಮಾಡಿದಾಗ ಎರಡು ಮೂರು ವಾರ ಬಿಗಿ ನಿಂತಿತು, ‘ಕ್ರೋಮಿಕ್’ ಎನಿಸಿಕೊಂಡಿತು. ಇದರ ದೊಡ್ಡ ತೊಡಕೆಂದರೆ ಕುದಿಸುವಂತಿಲ್ಲ. ಕತ್ತರಿ, ಚಿಮಟ, ರೇಷ್ಮೆ ಎಲ್ಲವೂ ಕುದಿಯುವ ನೀರಿಗೆ ಹೋಗಿ ಶುದ್ಧವಾಗುತ್ತವೆ. ಕ್ಯಾಟ್‌ಗಟ್ ಹೋದರೆ ಸರಿಯಾಗಿ ಬೆಂದ ಕಾಲಿನ ಸೂಪಿನಂತೆ ಅಂಟಾಗುತ್ತದೆ. ಹೀಗಾಗಿ ಅದು ಸ್ಪಿರಿಟ್ ತುಂಬಿದ ಗಾಜಿನ ಕೊಳವೆಯಲ್ಲಿ ಮುಚ್ಚಿಕೊಂಡೇ ಬರುತ್ತಿತ್ತು. ಸಿಸ್ಟರು ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ ಮುರಿದು, ಬಿರುಸಾದ ದಾರವನ್ನು ಸಲೈನಿನಲ್ಲಿ ಅದ್ದಿ ಮೆತ್ತಗೆ ಮಾಡಿ ಡಾಕ್ಟರ ಕೈಗೆ ಕೊಡಬೇಕಿತ್ತು.

ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಜಿಲ್ಲೆಯವರಿಗೆ ಇಂಥ ದಾರ ಬೇಕಾಗುವ ದೊಡ್ಡ ಆಪರೇಷನ್ ಎಂದರೆ ಬಹುಕಾಲ ಊರು ಬಿಟ್ಟು ಹೋಗುವ ಮಾತು. ವಿಲಿಯಂ ವಾನ್‌ಲೆಸ್ 1894ರಲ್ಲಿ ತೆರೆದ ಮಿರಜದ ಮಿಷನ್ ಆಸ್ಪತ್ರೆ ಈ ಸೀಮೆಯಲ್ಲೆಲ್ಲ ಹೆಸರಾಗಿತ್ತು. ಗದಗ-ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನ ಆಸ್ಪತ್ರೆಯನ್ನು ಜನ ಜರ್ಮನ್ ಆಸ್ಪತ್ರೆ ಎಂದರು. ಏಕೀಕರಣದ ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಶುರುವಾಯಿತು. ಕೆಎಂಸಿ ಮುಂದೆ ಕೆಲಕಾಲ ಕಿಮ್ಸ್ ಆಗಿದ್ದರೂ ಹಳಬರ ಬಾಯಲ್ಲಿ ಇಂದಿಗೂ ಕೆಎಂಸಿಯೇ.

ಮೂತ್ರಕೋಶಕ್ಕಿಂತ ಮೂತ್ರನಾಳದ ರಿಪೇರಿ ಕಷ್ಟ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ, 25ರಿಂದ 30 ಸೆಂ.ಮೀ. ಉದ್ದದ ಈ ಕೊಳವೆಯ ಅಗಲ 3-4 ಮಿ.ಮೀ. ಮಾತ್ರ. ಹೆಂಗಸರಲ್ಲಿ ಇದು ಗರ್ಭಕೋಶದ ರಕ್ತನಾಳದ ಅಡಿಯಲ್ಲೇ ಹಾದುಹೋಗುವುದರಿಂದ, ಗರ್ಭಕೋಶ ತೆಗೆಯುವಾಗ ರಕ್ತ ಕಟ್ಟಲು ಹೋದ ಕೈ ಕೆಳಗಿದ್ದ ನಾಳವನ್ನೂ ಕಟ್ಟಿಬಿಡಬಹುದು. ಹೀಗೆ ನಾಳ ಕಡಿದು ಮೂತ್ರ ಸೋರುತ್ತಿದ್ದ ಹೆಂಗಸಿಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಸ್ತಾವ್ ಸೈಮನ್ 1869ರಲ್ಲಿ ಮಾಡಿದ ಉಪಾಯ ಆ ಬದಿಯ ಮೂತ್ರಪಿಂಡವನ್ನೇ ತೆಗೆದದ್ದು. ಕೊಳವೆ ಹೊಲಿಯಲು ಬಾರದಿದ್ದಾಗ ಬಾವಿಯನ್ನೇ ಮುಚ್ಚಿದಂತೆ. 1894ರಲ್ಲಿ ಇಟಲಿಯ ಆಕಿಲೆ ಬೊವಾರಿ ಮೂತ್ರಕೋಶದ ಗೋಡೆಯನ್ನೇ ಪಟ್ಟಿಯಂತೆ ಎತ್ತಿ, ಕೊಳವೆಯಾಗಿ ಸುತ್ತಿ, ಕಡಿದ ನಾಳಕ್ಕೆ ಜೋಡಿಸುವುದನ್ನು ನಾಯಿಗಳಲ್ಲಿ ತೋರಿಸಿದ. ನಾಳದ ತುದಿಗಳನ್ನೇ ಕೂಡಿಸುವುದಾದರೆ ಎರಡನ್ನೂ ಉದ್ದಕ್ಕೆ ತುಸು ಸೀಳಿ ಬಾಯಿ ಅಗಲಿಸಿ ಹೊಲಿಯುತ್ತಾರೆ. ದುಂಡಗೆ ಹೊಲಿದರೆ ವಾಸಿಯಾಗುವಾಗ ಬಾಯಿ ಕಿರಿದಾಗುತ್ತದೆ.

1970ರ ಸುಮಾರಿಗೆ ಕರಗುವ ಕೃತಕ ದಾರ ಬಂತು: ಮೊದಲು ಡೆಕ್ಸಾನ್, 1974ರಲ್ಲಿ ವಿಕ್ರಿಲ್. ಕ್ಯಾಟ್‌ಗಟ್ಟನ್ನು ದೇಹದ ಕಿಣ್ವಗಳು ಅರಗಿಸಬೇಕು, ಅದರಿಂದ ಊತ ಹೆಚ್ಚು. ಈ ಹೊಸ ದಾರಗಳು ನೀರಿನಂಶಕ್ಕೇ ಕಳಚಿಕೊಳ್ಳುತ್ತವೆ. ವಿಕ್ರಿಲ್ ಸುಮಾರು 56ರಿಂದ 70 ದಿನದಲ್ಲಿ ಮಾಯ. ಇದಕ್ಕೂ ಮಿತಿಯಿದೆ: ಸೋಂಕಿನಿಂದ ಮೂತ್ರ ಕ್ಷಾರವಾದರೆ ದಾರ ಬೇಗನೆ ಸೋಲುತ್ತದೆ. ಹಾಗಾಗಿ ಹೊಲಿಗೆಗೆ ಮುಂಚೆ ಸೋಂಕು ಇಳಿಸುವುದು ಮುಖ್ಯ. ಹುಚ್ಚುಹಸು ರೋಗದ ಭಯದಿಂದ ಯುರೋಪು 2001ರಲ್ಲಿ ಕ್ಯಾಟ್‌ಗಟ್ ಕೈಬಿಟ್ಟಿತು. ಭಾರತದಲ್ಲಿ ಅಗ್ಗದ ದಾರವಾಗಿ ಅದು ಮುಂದುವರಿಯಿತು.

ಈಗ ಮೂತ್ರಕೋಶವನ್ನು ಸಾಮಾನ್ಯವಾಗಿ ಎರಡು ಪದರದಲ್ಲಿ ಹೊಲಿದು ಒಂದೆರಡು ವಾರ ಕ್ಯಾಥೆಟರ್ ಇಡುತ್ತಾರೆ. ಮೂತ್ರನಾಳದೊಳಗೆ ಎರಡೂ ತುದಿ ಸುರುಳಿಯಾದ ಡಬಲ್-ಜೆ ಸ್ಟೆಂಟ್ ಎಂಬ ನಳಿಕೆ ಹಾಕಿ, ಅದರ ಮೇಲೆ ಹೊಲಿಯುತ್ತಾರೆ. ದಾರ ತಾನಾಗಿ ಹೋಗುತ್ತದೆ, ಸ್ಟೆಂಟ್ ಹೋಗುವುದಿಲ್ಲ. ನಾಲ್ಕಾರು ವಾರಕ್ಕೆ ಬಂದು ತೆಗೆಸಿಕೊಳ್ಳಬೇಕಾದವರು ನೋವಿಲ್ಲವೆಂದು ಮರೆತರೆ, ಹಿಂದೆ ರೇಷ್ಮೆಯ ಗಂಟಿಗೆ ಕಟ್ಟಿದ ಹರಳೇ ಈಗ ಸ್ಟೆಂಟಿನ ಸುರುಳಿಗೆ ಕಟ್ಟುತ್ತದೆ. ಆಗ ಅದನ್ನು ತೆಗೆಯಲು ಕಲ್ಲು ಒಡೆಯುವ ಇನ್ನೊಂದು ಆಪರೇಷನ್ನೇ ಬೇಕಾಗುತ್ತದೆ.